ಅಣ್ಣನ ಕಾಗದದ ಮೇಲೆ ದುಡಿದವರು

ಹೆಸರು ಹಿಡಿದು ಕರೆದರೆ ಅವರು ಮೊದಲು ಹಿಂದಕ್ಕೆ ತಿರುಗಿ ನೋಡುತ್ತಿದ್ದರು, ಬೆನ್ನ ಹಿಂದೆ ಇನ್ಯಾರೋ ನಿಂತಿದ್ದಾರೇನೋ ಎನ್ನುವಂತೆ. ಆಮೇಲೆ ಗಡಬಡಿಸಿ "ಹಾಂ ರೀ, ನಾನೇ ರೀ, ನಾನೇ" ಎಂದು ಮುಂದೆ ಬರುತ್ತಿದ್ದರು. ಕಿವಿ ಮಂದವಿರಬೇಕು ಎಂದು ನಾನು ಬಹಳ ದಿನ ತಿಳಿದಿದ್ದೆ. ಮೂವತ್ತು ವರ್ಷ ಯಂತ್ರಗಳ ಪಕ್ಕದಲ್ಲಿ ನಿಂತವರ ಕಿವಿ ನೆಟ್ಟಗಿರುವುದು ಹೇಗೆ? ಆದರೆ ಅವರ ಕಿವಿ ನನ್ನ ಕಿವಿಗಿಂತ ಚುರುಕಾಗಿತ್ತು. ಅವರಿಗಿದ್ದದ್ದು ಅಂಜಿಕೆ.

ಕಾಕಾ ತೀರಿಹೋಗಿ ಎರಡು ತಿಂಗಳಾಯಿತು. ಗೊಬ್ಬೂರಿನವರು. ನನಗೆ ನೆಂಟರಲ್ಲ, ನೆರೆಯವರೂ ಅಲ್ಲ. ಅಫಜಲಪುರದ ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ನನ್ನ ಮೇಜಿನ ಎದುರಿಗೆ ಮೂರು ತಿಂಗಳು ಕಾಣಿಸಿಕೊಂಡವರು, ಅಷ್ಟೆ. ಅವರ ಬಗ್ಗೆ ಬರೆಯಲು ನನಗೆ ಈಗಲೂ ಅಂಜಿಕೆ. ಅವರ ಹೆಸರು ಬರೆಯುವುದಿಲ್ಲ, ಕಾರ್ಖಾನೆಯ ಹೆಸರೂ ಬೇಡ. ನಾನೂ ಹುಟ್ಟಾ ಪುಕ್ಕಲಿ. ಮೇಲಧಿಕಾರಿ ಬೆಲ್ ಒತ್ತಿದರೆ ಸಾಕು, ಹತ್ತು ವರ್ಷದ ಹಿಂದಿನ ತಪ್ಪುಗಳೆಲ್ಲ ಒಮ್ಮೆಲೇ ನೆನಪಾಗುವ ಜಾತಿ ನನ್ನದು. ಬಹುಶಃ ಅದಕ್ಕೇ ನಮ್ಮಿಬ್ಬರಿಗೆ ಹೊಂದಿಕೆಯಾಯಿತು.

ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ ಒಂದು ದೊಡ್ಡ ಕಾರ್ಖಾನೆಯಿದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕಿನ ಹಳ್ಳಿಗಳಿಂದ ಒಂದು ಕಾಲಕ್ಕೆ ಜನ ಬಸ್ಸು ತುಂಬಿ ಅಲ್ಲಿಗೆ ದುಡಿಯಲು ಹೋದರು. ನಿವೃತ್ತರಾದವರಿಗೆ ಒಂದು ಸಣ್ಣ ಪಿಂಚಣಿ, ಅದರ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಬದುಕಿರುವವರೆಗೆ ಪುಕ್ಕಟೆ ಔಷಧೋಪಚಾರ. ಅದಕ್ಕೊಂದು ಕಾರ್ಡು ಕೊಡುತ್ತಿದ್ದರು. ಜನರ ಬಾಯಲ್ಲಿ ಅದು ದವಾಖಾನಿ ಕಾರ್ಡು. ಪಿಂಚಣಿಗಿಂತ ಆ ಕಾರ್ಡಿನ ಮೇಲೆಯೇ ಮುದುಕರಿಗೆ ಧೈರ್ಯ ಹೆಚ್ಚು. ಕಾರ್ಖಾನೆ ಕೈ ಬದಲಾಯಿತು. ಮನೆಮನೆಗೆ ಮೂರು ಸಾಲಿನ ಒಂದು ಪತ್ರ ಬಂತು: ಈ ವರ್ಷದ ಕೊನೆಗೆ ಕಾರ್ಡು ರದ್ದು.

ಮುದುಕರೆಲ್ಲ ಕಲಬುರಗಿಗೆ ಹೋಗಿ ಜಿಲ್ಲಾಧಿಕಾರಿ ಕಚೇರಿಯ ಎದುರು ಕೂತರು. ಕಾರ್ಖಾನೆ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಆದರೆ ಜಿಲ್ಲಾಡಳಿತ ಮೂರೂ ತಾಲ್ಲೂಕು ಕಚೇರಿಗಳಲ್ಲಿ ಮೂರು ತಿಂಗಳ ಮಟ್ಟಿಗೆ ಸಹಾಯ ಕೇಂದ್ರ ತೆರೆಯಿತು. ಕಾರ್ಡು ಕಳೆದುಕೊಳ್ಳುವವರನ್ನು ಒಬ್ಬೊಬ್ಬರನ್ನಾಗಿ ಸರ್ಕಾರಿ ಆರೋಗ್ಯ ಯೋಜನೆಗೆ ಸೇರಿಸುವುದು ಅದರ ಕೆಲಸ. ಅಫಜಲಪುರದಲ್ಲಿ ಆ ಕುರ್ಚಿ ನನ್ನ ಪಾಲಿಗೆ ಬಂತು. ಹಳೆಯ ದಾಖಲೆ ಕೋಣೆಯ ಮುಂದಿನ ವರಾಂಡ, ಒಂದು ಕಂಪ್ಯೂಟರು, ಹೆಬ್ಬೆಟ್ಟು ಒತ್ತುವ ಒಂದು ಯಂತ್ರ, ಒಂದು ಕಾಲು ಕುಂಟುವ ಬೆಂಚು.

ಮೊದಲ ದಿನವೇ ಕಾಕಾ ಬಂದರು. ಹೆಗಲ ಮೇಲಿನ ಟವೆಲ್ಲನ್ನು ಎರಡು ಮಡಿಕೆ ಮಾಡಿ ಬೆಂಚಿಗೆ ಹಾಸಿ, ಅದರ ಮೇಲಲ್ಲ, ಅದರ ಪಕ್ಕದಲ್ಲಿ ಕೂತರು. ಟವೆಲ್ಲು ಬೇರೆಯವರಿಗಂತೆ. ಜಾತ್ರೆಯ ಹಾಗೆ ನುಗ್ಗಿದ ಮುದುಕರನ್ನು ಅರ್ಧ ಗಂಟೆಯಲ್ಲಿ ಸಾಲಿಗೆ ತಂದರು. "ಸಾವಕಾಶ, ಸಾವಕಾಶ. ಮೇಡಂರಿಗೆ ಎರಡೇ ಕೈ ಅದಾವ" ಎಂದು ಹೇಳುತ್ತ ಒಬ್ಬೊಬ್ಬರ ಪ್ಲಾಸ್ಟಿಕ್ ಚೀಲ ಬಿಚ್ಚಿಸಿ ಕಾರ್ಖಾನೆಯ ಚೀಟಿ, ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ ಎಲ್ಲ ಒಂದರ ಮೇಲೊಂದು ಜೋಡಿಸಿ ನನ್ನ ಮುಂದಿಡುತ್ತಿದ್ದರು. ಇಟ್ಟು ಒಂದೇ ಪ್ರಶ್ನೆ: "ಎಲ್ಲಾ ಬರಾಬರ್ ಅದಲ್ರಿ?"

ನಾನು ಬರಾಬರ್ ಎಂದರೆ ಅವರ ಮುಖ ಅರಳುತ್ತಿತ್ತು, ತಮ್ಮದೇ ಕೆಲಸವಾದಂತೆ. ಯಾರದೋ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಇದ್ದರೆ ಮಾತ್ರ ನನಗಿಂತ ಮೊದಲೇ ಬೆವರುತ್ತಿದ್ದರು. ಒಮ್ಮೆ ಆಳಂದ ಕಡೆಯ ಒಬ್ಬ ಅಜ್ಜ ದಾರಿ ತಪ್ಪಿ ನಮ್ಮ ಕೇಂದ್ರಕ್ಕೆ ಬಂದ. ನಿಮ್ಮದು ಆಳಂದದಲ್ಲಿ ಆಗಬೇಕು ಎಂದೆ. ಅಜ್ಜ ಅಲ್ಲೇ ನೆಲಕ್ಕೆ ಕುಸಿದು ಕೂತ. ಕಾಕಾ ಅವನ ಚೀಲ ತಮ್ಮ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಎರಡು ಬಸ್ಸು ಬದಲಿಸಿ ಆಳಂದಕ್ಕೆ ಕರೆದೊಯ್ದು, ಕೆಲಸ ಮುಗಿಸಿ, ಮರುದಿನ ಹತ್ತಕ್ಕೆಲ್ಲ ನಮ್ಮ ವರಾಂಡದಲ್ಲಿ ಹಾಜರು.

"ಕಾಕಾ, ನಿಮಗೆ ಸರ್ಕಾರ ಸಂಬಳ ಕೊಡಬೇಕು ನೋಡ್ರಿ" ಎಂದು ಚುಡಾಯಿಸಿದೆ.

"ಬ್ಯಾಡ್ರಿ ಯವ್ವಾ, ಸರ್ಕಾರದ ಪಟ್ಟಿಯೊಳಗ ನನ್ನ ಹೆಸರು ಬರೋದೇ ಬ್ಯಾಡ" ಎಂದು ಎರಡೂ ಕೈ ಅಡ್ಡ ಹಿಡಿದರು. ನಾನು ನಕ್ಕೆ. ಅವರು ನಗಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ಸೀತನಿ ತಂದಿದ್ದರು. ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಬೆಲ್ಲದ ಚೂರು ಹಾಕಿ ಪೇಪರಿನಲ್ಲಿ ಕಟ್ಟಿದ್ದರು. ನನ್ನ ಮೇಜಿನ ಮೇಲಿಡದೆ ಕೆಳಗಿನ ಡ್ರಾಯರ್ ಎಳೆದು ಒಳಗಿಟ್ಟರು. "ಯಾರರೆ ನೋಡಿದ್ರ ಲಂಚ ಅಂದಾರು. ನಿಮಗ ಯಾಕ್ರಿ ತಾಪತ್ರಯ." ಒಂದು ಮುಷ್ಟಿ ಸೀತನಿಗೆ ಇಷ್ಟು ಹೆದರುವ ಮನುಷ್ಯನನ್ನು ನಾನು ನೋಡಿರಲಿಲ್ಲ. ಪೊಲೀಸ್ ಜೀಪು ಕಚೇರಿಯ ಆವರಣಕ್ಕೆ ಬಂದರೆ ಅವರು ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಜೀಪು ಹೋದ ಮೇಲೆಯೇ ಬಾಯಾರಿಕೆ ತೀರುತ್ತಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕಾರ್ಖಾನೆಯ ಪಟ್ಟಿ ಮುಂದಿಟ್ಟುಕೊಂಡು ಯಾರು ಉಳಿದರು ಎಂದು ನೋಡುತ್ತಿದ್ದೆ. ಗೊಬ್ಬೂರಿನ ಎದುರು ಒಂದೇ ಹೆಸರು ಉಳಿದಿತ್ತು. ಕಾಕಾ ಅವರದು. ಊರಿಗೆಲ್ಲ ಕಾಗದ ಜೋಡಿಸಿಕೊಟ್ಟವರು ತಮ್ಮ ಅರ್ಜಿ ಕೊಟ್ಟೇ ಇರಲಿಲ್ಲ.

"ಕಾಕಾ, ನಿಮ್ಮ ಕಾಗದ ಎಲ್ಲಿ?"

"ತರ್ತೇನ್ರಿ."

ಮರುದಿನ ಕೇಳಿದೆ. "ಮನ್ಯಾಗ ಹುಡುಕಾಕತ್ತೇನ್ರಿ." ಅದರ ಮರುದಿನ ಅವರು ಬರಲೇ ಇಲ್ಲ. ನಾಲ್ಕನೆಯ ದಿನ ಬಂದವರು ಊಟದ ಹೊತ್ತಿನವರೆಗೆ ಕಾದು, ವರಾಂಡ ಖಾಲಿಯಾದ ಮೇಲೆ, ಬೆನ್ನು ಗೋಡೆಗೆ ಹಚ್ಚಿ ನಿಂತರು. ಅವರು ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟೇ ಮಾತಾಡುವವರು.

"ಪಟ್ಟಿಯೊಳಗ ಅದಲ್ರಿ, ಆ ಹೆಸರು ನಂದಲ್ರಿ. ನಮ್ಮ ಅಣ್ಣಂದು."

ನಡೆದದ್ದು ಇಷ್ಟು. ಅಣ್ಣ ಏಳನೆಯ ಇಯತ್ತೆ ಪಾಸಾಗಿದ್ದ. ಕಾರ್ಖಾನೆಗೆ ಅರ್ಜಿ ಹಾಕಿದ್ದ. ಕರೆಯೋಲೆ ಬರುವಷ್ಟರಲ್ಲಿ ಅವನಿಗೆ ಗಾಣಗಾಪುರದಲ್ಲಿ ಗುಡಿಯ ಹತ್ತಿರ ಕಾಯಿ ಕರ್ಪೂರದ ಅಂಗಡಿ ಸಿಕ್ಕಿತ್ತು. ಬಂದ ನೌಕರಿ ಬಿಡುವುದುಂಟೇ? ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ತಮ್ಮನ ಕೈಗೆ ಅಪ್ಪ ಆ ಕಾಗದ ಕೊಟ್ಟು ಬಸ್ಸು ಹತ್ತಿಸಿದ. ಆ ಕಾಲಕ್ಕೆ ಅಣ್ಣನ ಕಾಗದದ ಮೇಲೆ ತಮ್ಮ ಹೋಗುವುದನ್ನು ಯಾರೂ ಕಳ್ಳತನ ಎಂದುಕೊಂಡಿರಲಿಲ್ಲ. ಮನೆಯ ನೌಕರಿ ಮನೆಯಲ್ಲೇ ಉಳಿಯಿತು ಎಂದುಕೊಂಡರು. ಗೇಟಿನಲ್ಲಿ ಹೆಸರು ಕೇಳಿದಾಗ ಕಾಕಾ ಅಣ್ಣನ ಹೆಸರು ಹೇಳಿದರು. ಆಮೇಲೆ ಮೂವತ್ತೊಂದು ವರ್ಷ ಅದೇ ಹೆಸರಿಗೆ ಓಗೊಟ್ಟರು. ಪಿಂಚಣಿ, ಬ್ಯಾಂಕು, ಆಧಾರ್ ಎಲ್ಲವೂ ಅದೇ ಹೆಸರಿಗೆ. ಅಣ್ಣನ ಹೆಸರಿನ ಸಹಿಯನ್ನು ಕಣ್ಣು ಮುಚ್ಚಿ ಹಾಕುತ್ತಿದ್ದರು. ತಮ್ಮ ಸ್ವಂತ ಹೆಸರು ಬರೆಯಲು ಅವರಿಗೆ ಎರಡು ನಿಮಿಷ ಬೇಕಿತ್ತು.

ಊರಲ್ಲಿ ಮಾತ್ರ ಅವರು ಅವರೇ. ರೇಷನ್ ಕಾರ್ಡಿನಲ್ಲಿ ಹೆಂಡತಿಯ ಹೆಸರಿನ ಕೆಳಗೆ ಗಂಡನೆಂದು ಅವರ ಹುಟ್ಟಿದ ಹೆಸರೇ ಇತ್ತು. ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಯಂತ್ರ ಬಂದ ದಿನ ಕಾಕಾ ಬೆವರಿದರು. ಬೆರಳಿಟ್ಟರೆ ಯಂತ್ರ ಅಣ್ಣನ ಹೆಸರು ತೋರಿಸುತ್ತದೆ. ಕಾರ್ಡಿನಲ್ಲಿರುವುದು ಬೇರೆ. ಹೆಂಡತಿಯ ಹೆಬ್ಬೆಟ್ಟೊಂದೇ ಸಾಕಿತ್ತು, ಆದರೆ ಅದನ್ನು ಕೇಳಿ ತಿಳಿಯುವುದಕ್ಕೂ ಅವರಿಗೆ ಭಯ. ಅಂದಿನಿಂದ ಅಂಗಡಿಯ ಕಡೆ ಇಬ್ಬರೂ ಹೋಗಲಿಲ್ಲ. ಅಕ್ಕಿ ಕೊಂಡು ತಿಂದರು. ವರ್ಷಗಟ್ಟಲೆ ಯಾರೂ ಬರದ ಕಾರ್ಡನ್ನು ಇಲಾಖೆ ತಡೆಹಿಡಿಯಿತು. ಈಗ ಆರೋಗ್ಯ ಯೋಜನೆಗೆ ಸೇರಬೇಕೆಂದರೆ ಬೇಕಾದದ್ದು ಅದೇ ಕಾರ್ಡು. ಅದಕ್ಕೆ ಜೀವ ಬರಬೇಕೆಂದರೆ ಅದರಲ್ಲಿರುವ ಇಬ್ಬರೂ ಬಂದು ಹೆಬ್ಬೆಟ್ಟು ಒತ್ತಬೇಕು.

"ಒತ್ತಿದ್ನೆಂದ್ರ ಸಿಕ್ಕಿಬೀಳ್ತೇನ್ರಿ. ಪಿಂಚಣಿ ಹೋಗ್ತದ. ಜೇಲಿಗೆ ಹಾಕಿದ್ರ ಹಾಕ್ಲಿ, ಆದ್ರ ಅಕಿನ್ನ ಯಾರು ನೋಡ್ತಾರ?"

ಅಕಿ ಎಂದರೆ ಅವರ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ. ಆಕೆಯ ಎರಡೂ ಮೂತ್ರಪಿಂಡ ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಕಲಬುರಗಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್, ದವಾಖಾನಿ ಕಾರ್ಡಿನ ಮೇಲೆ. ಕಾರ್ಡು ರದ್ದಾಗಲು ಇನ್ನು ಒಂದು ತಿಂಗಳು ಉಳಿದಿತ್ತು. ಒಂದು ವಾರ ತಪ್ಪಿದರೆ ಏನಾಗುತ್ತದೆ ಎಂದು ಡಾಕ್ಟರು ಕಾಕಾ ಅವರಿಗೆ ಹೇಳಿದ್ದರು. ನನಗೆ ಅವರು ಅದನ್ನು ಹೇಳಲಿಲ್ಲ, ಕೈ ಮಾತ್ರ ಅಲ್ಲಾಡಿಸಿದರು.

ಇಂಥ ಗುಟ್ಟು ಗೊತ್ತಾದ ಮೇಲೆ ಗುಮಾಸ್ತೆ ಸುಮ್ಮನಿದ್ದರೆ ಅದೂ ಅಪರಾಧವೇ. ಆದರೂ ಧೈರ್ಯ ಮಾಡಿ ಹೇಳಿದೆ: "ಅಣ್ಣನ್ನ ಕರ್ಕೊಂಡು ಬರ್ರಿ. ಇಬ್ಬರೂ ತಹಶೀಲ್ದಾರ್ ಸಾಹೇಬರ ಮುಂದ ಇದ್ದದ್ದು ಇದ್ದಂಗ ಹೇಳ್ರಿ. ಅವರು ಕೆಟ್ಟವರಲ್ಲ. ಏನರೆ ದಾರಿ ಹುಡುಕತಾರ."

ಒಂದು ವಾರ ನಿದ್ದೆಗೆಟ್ಟು ಕಾಕಾ ಒಪ್ಪಿದರು. ಅಣ್ಣ ಗಾಣಗಾಪುರದಿಂದ ಬಂದ. ದಪ್ಪ ಮೀಸೆಯ, ಗಟ್ಟಿ ದನಿಯ ಮನುಷ್ಯ, ಕೈಯಲ್ಲಿ ಪ್ರಸಾದದ ಪೊಟ್ಟಣ. ತಮ್ಮನ ಅಂಜಿಕೆಯ ಒಂದು ಪಾಲೂ ಅವನಿಗೆ ಬಂದಿರಲಿಲ್ಲ. "ನನ್ನ ಹೆಸರು ಸವೆದು ಹೋಗ್ಯಾದೇನ್ರಿ ಮೇಡಂ? ಇಂವ ಮೂವತ್ತ ವರ್ಷ ಹಾಕ್ಕೊಂಡ್ರೂ ಹೊಸಾದೇ ಅದ. ನಾ ಹೇಳ್ತೇನಿ ಸಾಹೇಬ್ರಿಗೆ" ಎಂದ. ನಾನು ಒಳಗೆ ಹೋಗಿ, ಇಬ್ಬರು ಬಂದಿದ್ದಾರೆ, ಸ್ವಲ್ಪ ಕೇಳಬೇಕು ಎಂದು ಸಾಹೇಬರಿಗೆ ತಿಳಿಸಿದೆ. ಕಳಿಸಿ ಎಂದರು. ಹೊರಗೆ ಬಂದು ಬಾಗಿಲ ಪರದೆ ಸರಿಸಿ ಹಿಡಿದೆ.

ಆಗಲೇ ಒಬ್ಬ ಕಾನ್‌ಸ್ಟೇಬಲ್ ಟಪಾಲು ಕೊಡಲು ಬಂದು ನನ್ನ ಪಕ್ಕದಿಂದ ಒಳಗೆ ಹೋದ. ಲಕೋಟೆ ಕೊಟ್ಟು ಸಹಿ ಮಾಡಿಸಿಕೊಂಡು ಹೋಗುವವನು, ಬೇರೇನೂ ಇಲ್ಲ. ನಾನು ತಿರುಗಿ ನೋಡಿದರೆ ವರಾಂಡದಲ್ಲಿ ಅಣ್ಣ ಒಬ್ಬನೇ ಪ್ರಸಾದದ ಪೊಟ್ಟಣ ಹಿಡಿದು ನಿಂತಿದ್ದ. ಕಾಕಾ ಗೇಟು ದಾಟಿ ರಸ್ತೆಯಲ್ಲಿದ್ದರು. ಓಡುತ್ತಿದ್ದರು. ಆ ವಯಸ್ಸಿನವರು ಹಾಗೆ ಓಡುವುದನ್ನು ನೋಡಿ ಜನ ಬಸ್ಸು ತಪ್ಪಿತೇನೋ ಎಂದು ದಾರಿ ಬಿಡುತ್ತಿದ್ದರು. ಅಣ್ಣ ಪ್ರಸಾದ ನನ್ನ ಕೈಗಿಟ್ಟು, "ಇಂವ ಸಣ್ಣವಿದ್ದಾಗಿಂದ ಹಿಂಗೇ ರೀ" ಎಂದ. ಅವನ ದನಿ ಆಗ ಗಟ್ಟಿಯಾಗಿರಲಿಲ್ಲ.

ಕೇಂದ್ರ ಮುಚ್ಚಲು ಮೂರು ದಿನ ಉಳಿದಿದ್ದಾಗ ಕಾಕು ಬಂದರು. ಕಾಕಾ ಅವರ ಹೆಂಡತಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಊದಿದ ಕಾಲು, ಮಣ್ಣಿನ ಬಣ್ಣಕ್ಕೆ ತಿರುಗಿದ ಮುಖ, ಆದರೆ ನೆಟ್ಟಗೆ ನನ್ನ ಕಣ್ಣನ್ನೇ ನೋಡುವ ಕಣ್ಣು. ಕಾಕಾ ಗೇಟಿನ ಹೊರಗೆ ಚಹದ ಅಂಗಡಿಯ ಹಿಂದೆ ನಿಂತಿದ್ದರು. ಒಳಗೆ ಬರಲಿಲ್ಲ.

"ಕಾರ್ಡಿನೊಳಗಿಂದ ಅವರ ಹೆಸರು ತಗದು ಹಾಕ್ರಿ. ನಾ ಒಬ್ಬಾಕಿ ಇದ್ರ ನನ್ನ ಹೆಬ್ಬಟ್ಟು ಸಾಕಲ್ರಿ?"

ಸಾಕಿತ್ತು. ಆದರೆ ಹೆಸರು ತೆಗೆಯಲು ಕಾರಣ ಬೇಕು. ಸತ್ತಿದ್ದರೆ ಮರಣಪತ್ರ ಬೇಕು. ಮನೆ ಬಿಟ್ಟು ಹೋಗಿದ್ದರೆ ಹೆಂಡತಿ ಬರೆದುಕೊಟ್ಟರೆ ಸಾಕು. ಮುದುಕರನ್ನು ಅಲೆದಾಡಿಸಬೇಡಿ ಎಂದು ನಮಗೆ ಅಷ್ಟು ಸಡಿಲಿಕೆ ಕೊಟ್ಟಿದ್ದರು. ಇದನ್ನು ಹೇಳಿದ ಕ್ಷಣವೇ ಯಾಕಾದರೂ ಹೇಳಿದೆನೋ ಅನಿಸಿತು.

ಕಾಕು ಗೇಟಿನ ಕಡೆ ಒಮ್ಮೆ ನೋಡಿದರು. "ಬಿಟ್ಟು ಹೋಗ್ಯಾನ ಅಂತ ಬರೀರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಹಂಗಂದಿದ್ದು ಅವರ ಮುಂದ ಹೇಳಬ್ಯಾಡ್ರಿ. ಮನಸ್ಸಿಗೆ ಹಚ್ಕೋತಾರ" ಎಂದರು.

ನಾನು ಟೈಪ್ ಮಾಡಿದೆ. ನನ್ನ ಗಂಡ ಮನೆ ಬಿಟ್ಟು ಹೋಗಿದ್ದಾನೆ, ಎಲ್ಲಿದ್ದಾನೆಂದು ತಿಳಿಯದು. ನೂರು ಹೆಜ್ಜೆ ಆಚೆ ಅವನು ಚಹದ ಅಂಗಡಿಯ ಹಿಂದಿನಿಂದ ಇಣುಕುತ್ತಿರುವುದು ನನ್ನ ಕುರ್ಚಿಗೆ ಕಾಣುತ್ತಿತ್ತು. ಕೆಳಗೆ ಪರಿಶೀಲಿಸಿದವರು ಎಂಬಲ್ಲಿ ನನ್ನ ಸಹಿ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ತಿಳಿದೂ ತಿಳಿದೂ ಹಾಕಿದ ಒಂದೇ ಸುಳ್ಳು ಸಹಿ ಅದು. ಆ ರಾತ್ರಿಯಿಂದ ಇವತ್ತಿನವರೆಗೆ ಬಾಗಿಲು ಬಡಿದ ಸದ್ದಾದರೆ ಮೊದಲು ಕಿಟಕಿಯಿಂದ ಇಣುಕಿ ನೋಡುತ್ತೇನೆ. ಕಾಕಾ ಮೂವತ್ತೊಂದು ವರ್ಷ ಹೇಗೆ ಉಂಡರು, ಹೇಗೆ ಮಲಗಿದರು ಎಂಬುದು ಆಮೇಲೆ ನನಗೆ ಗೊತ್ತಾಯಿತು.

ಕಾರ್ಡಿಗೆ ಜೀವ ಬಂತು. ಡಯಾಲಿಸಿಸ್ಸು ಸರ್ಕಾರಿ ಆಸ್ಪತ್ರೆಯಲ್ಲಿ, ಅಫಜಲಪುರದಲ್ಲೇ, ಕಾಸಿಲ್ಲದೆ ಶುರುವಾಯಿತು. ಹೆಸರು ನೋಂದಾಯಿಸುವಾಗ ಕಾರ್ಡಿನ ಜೊತೆ ಕಾಕುವಿನ ಆ ಬರಹದ ನಕಲನ್ನೂ ಫೈಲಿಗೆ ಹಾಕಿ, ಜೊತೆಗೆ ಬಂದವರ ಆಧಾರ್ ಕೇಳಿದರು. ಕಾಕಾ ಹಿಂದೆ ಮುಂದೆ ನೋಡಿ ಕೊಟ್ಟರು. ಅದರಲ್ಲಿದ್ದದ್ದು ಅಣ್ಣನ ಹೆಸರು. ಸಂಬಂಧ ಏನು ಎಂದರು. ಕಾಕಾ ಬಾಯಿ ಬಿಡುವ ಮೊದಲೇ ಕಾಕು "ನಮ್ಮ ಭಾವ ಆಗಬೇಕ್ರಿ" ಎಂದುಬಿಟ್ಟರು.

ಹೇಳಿದ ಮೇಲೆ ಹಾಗೆ ನಡೆದುಕೊಳ್ಳಬೇಕಲ್ಲ. ನಮ್ಮ ಕಡೆ ಗಂಡನ ಅಣ್ಣನ ಮುಂದೆ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುತ್ತಾರೆ, ಸರಿಸಮ ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಆಸ್ಪತ್ರೆಯ ಮೆಟ್ಟಿಲು ಬರುತ್ತಲೇ ಕಾಕು ಸೆರಗು ಹೊದೆಯುತ್ತಿದ್ದರು. ಕಾಕಾ ನಾಲ್ಕು ಹೆಜ್ಜೆ ಹಿಂದೆ ಉಳಿಯುತ್ತಿದ್ದರು. ನಾನು ಒಂದೆರಡು ಸಲ ಊಟದ ಹೊತ್ತಿಗೆ ನೋಡಲು ಹೋಗಿದ್ದೆ. ನಾಲ್ಕು ತಾಸು ಆಕೆ ಯಂತ್ರಕ್ಕೆ ಕೈ ಒಡ್ಡಿ ಮಲಗಿದ್ದರೆ ಕಾಕಾ ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಒಮ್ಮೆ ಒಳಗೆ ಕಾಕುಗೆ ಚಳಿ ಹತ್ತಿ ಮೈಯೆಲ್ಲ ಅದುರಿತು. ಕಾಕಾ ಎದ್ದು ಎರಡು ಹೆಜ್ಜೆ ಒಳಗೆ ಹೋದವರು, ನರ್ಸು ತಿರುಗಿ ನೋಡಿದ ಕೂಡಲೇ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದರು. "ಅಕಿಗೆ ಕಾಲಿಗೆ ಮೊದ್ಲ ಚಳಿ ಹತ್ತತದ್ರಿ. ಕಾಲ ತಿಕ್ಕಬೇಕು. ಭಾವ ಆದಂವ ಹೆಂಗ ತಿಕ್ಕತಾನ?" ಎಂದು ನನ್ನ ಮುಂದೆ ಪಿಸುಗುಟ್ಟಿದರು. ನಾನು ಹೋಗಿ ಕಾಲು ತಿಕ್ಕಿದೆ. ಕಾಕಾ ಹೊರಗಿನಿಂದಲೇ ನೋಡುತ್ತಿದ್ದರು.

ಅವರು ಹೋದದ್ದು ಒಂದು ಬೆಳಗ್ಗೆ, ಹಲ್ಲುಜ್ಜುತ್ತ ಅಂಗಳದಲ್ಲಿ ಕೂತಿದ್ದಾಗ. ಗಾಣಗಾಪುರದ ಅಣ್ಣ ಫೋನು ಮಾಡಿ, "ನನ್ನ ತಮ್ಮ ಹೋದ್ರಿ" ಎಂದಷ್ಟೇ ಹೇಳಿದ. ಮಣ್ಣಿಗೆ ಹೋದೆ. ಊರೆಲ್ಲ ಅವರ ಹುಟ್ಟಿದ ಹೆಸರು ಹಿಡಿದೇ ಅತ್ತಿತು.

ಮೂರನೆಯ ದಿನ ಕಾಕುವಿನ ಡಯಾಲಿಸಿಸ್ ದಿನ. ಸೂತಕದ ಮನೆಯಿಂದ ಹೊರಗೆ ಕಾಲಿಡಬಾರದೆಂದು ಹಿರಿಯ ಹೆಂಗಸರು ಅಡ್ಡ ಬಂದರು. ಅಣ್ಣನೇ ಆಟೋ ಹೇಳಿ ಕೂರಿಸಿದ. ನಾನು ಅರ್ಧ ದಿನ ರಜೆ ಹಾಕಿ ಆಸ್ಪತ್ರೆಯಲ್ಲಿ ಕಾದಿದ್ದೆ. ಕಾಯುವಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದೇ ಮಾತು: ಕೇಳಿದರೆ ಏನು ಹೇಳಬೇಕು? ಭಾವ ಊರಿಗೆ ಹೋಗಿದ್ದಾರೆ ಎನ್ನೋಣ. ಮೈ ಸರಿಯಿಲ್ಲ ಎನ್ನೋಣ. ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದೆ. ಕಾಕುವಿನ ಕಿವಿಯಲ್ಲಿ, "ನೀವು ಮಾತಾಡಬ್ಯಾಡ್ರಿ, ನಾ ಹೇಳ್ತೇನಿ" ಎಂದೆ. ಆಕೆ ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ನರ್ಸು ಚಿಕ್ಕ ವಯಸ್ಸಿನವಳು, ಜೇವರ್ಗಿ ಕಡೆಯವಳು, ಮನೆಯವರ ಹಾಗೆ ಮಾತಾಡಿಸುವವಳು. ಫೈಲು ತೆರೆದು, ತೂಕ ಬರೆದುಕೊಂಡು, ಬಾಗಿಲ ಹೊರಗಿನ ಖಾಲಿ ಕಲ್ಲಿನ ಕಡೆ ನೋಡಿದಳು.

"ಯಾಕ್ರಿ ಅಮ್ಮಾ, ಇವತ್ತ ನಿಮ್ಮ ಭಾವಾರು ಬಂದಿಲ್ಲ?"

ನಾನು ಬಾಯಿ ತೆರೆದೆ. ಕಾಕು ಕೈಯೆತ್ತಿ ನನ್ನನ್ನು ತಡೆದರು. ತಲೆಯ ಮೇಲೆ ಸೆರಗಿರಲಿಲ್ಲ.

"ಭಾವ ಅಲ್ರಿ ಅವರು. ನನ್ನ ಗಂಡ. ಮೊನ್ನೆ ತೀರ್ಕೊಂಡ್ರು" ಎಂದರು. ಫೈಲಿನ ಕಡೆ ಬೆರಳು ತೋರಿಸಿದರು. "ಬಿಟ್ಟು ಹೋಗಿದ್ದಿಲ್ಲ ನನ್ನ. ಒಂದ ದಿನಾನೂ ಬಿಟ್ಟು ಹೋಗಿದ್ದಿಲ್ಲ. ಬರಕೋರಿ, ಏನ್ ಬರಕೋತೀರಿ ಬರಕೋರಿ. ಅಂಜಾಂವ ಹೋದ."

ಆ ಫೈಲಿನೊಳಗೆ ಗಂಡ ಬಿಟ್ಟು ಹೋಗಿದ್ದಾನೆಂಬ ಆಕೆಯ ಬರಹದ ನಕಲು ಇತ್ತು, ಅದರ ಕೆಳಗೆ ನನ್ನ ಸಹಿ ಇತ್ತು. ನರ್ಸು ಫೈಲು ನೋಡಿದಳು, ಕಾಕುವಿನ ಬರಿ ಹಣೆ ನೋಡಿದಳು, ನನ್ನನ್ನು ನೋಡಿದಳು. ಕೈಯಲ್ಲಿ ಪೆನ್ನು ಹಾಗೇ ಇತ್ತು. ಆಮೇಲೆ ಫೈಲು ಮುಚ್ಚಿ ಯಂತ್ರದ ಮೇಲಿಟ್ಟು, "ಕೈ ಚಾಚ್ರಿ ಅಮ್ಮಾ" ಎಂದಳು.

ಸೂಜಿ ಒಳಗೆ ಹೋಗಿ ನಳಿಕೆಯಲ್ಲಿ ರಕ್ತ ಹರಿಯುವವರೆಗೂ ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ.